ಸೊನ್ನೆ ಕೊಟ್ಟವರ ಹೃದಯ

ಈ ರಾದ್ಧಾಂತಕ್ಕೆಲ್ಲ ಕಾರಣ ಒಂದು ಅಂಕ. ಪೂರ್ತಿ ಒಂದಾದರೂ ಇತ್ತಲ್ಲ, ಅರ್ಧ ಅಂಕಕ್ಕೆ ಇಷ್ಟೆಲ್ಲ ಆಗಿದ್ದರೆ ನಾಲ್ಕು ಜನರಿಗೆ ಮುಖ ತೋರಿಸುವುದು ಹೇಗೆ ಎಂದು ಬೆಣ್ಣೆ ಮೇಷ್ಟ್ರು ತಮಗೆ ತಾವೇ ಸಮಾಧಾನ ಹೇಳಿಕೊಂಡದ್ದುಂಟು.

ಬೆಣ್ಣೆ ಮೇಷ್ಟ್ರು ಎಂಬುದು ಮಕ್ಕಳು ಇಟ್ಟ ಹೆಸರು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಅವರು ಉತ್ತರ ಪತ್ರಿಕೆ ಕೈಗೆತ್ತಿಕೊಂಡರೆ ಸಾಕು, ಕರಗಿಬಿಡುತ್ತಿದ್ದರು. ಉತ್ತರ ಬರೆಯುವ ಜಾಗದಲ್ಲಿ ಪ್ರಶ್ನೆಯನ್ನೇ ಇನ್ನೊಮ್ಮೆ ದುಂಡಗೆ ಬರೆದಿಟ್ಟ ಹುಡುಗನಿಗೂ "ಪಾಪ, ಪ್ರಶ್ನೆಯಾದ್ರೂ ಓದಿದಾನೆ" ಎಂದು ಅರ್ಧ ಅಂಕ. ಅವರ ಹೆಂಡತಿಯೂ ಬೇರೊಂದು ಶಾಲೆಯಲ್ಲಿ ವಿಜ್ಞಾನದ ಮೇಡಂ. ಆಕೆಗೆ ಅಲ್ಲಿನ ಮಕ್ಕಳು ಇಟ್ಟ ಹೆಸರು ಸೂಜಿ ಮೇಡಂ. ಸಂಖ್ಯೆಯ ಮುಂದೆ ಸೆಂಟಿಮೀಟರೋ ಕಿಲೋಗ್ರಾಮೋ ಬರೆಯದೆ ಬಿಟ್ಟರೆ ಆಕೆಯ ಕೆಂಪು ಪೆನ್ನು ಸರಿಯಾಗಿ ಅಲ್ಲೇ ಚುಚ್ಚುತ್ತಿತ್ತು. ಮದುವೆಯಾದಾಗಿನಿಂದ ಇಬ್ಬರೂ ಒಂದೇ ಊಟದ ಮೇಜಿನ ಎರಡು ತುದಿಯಲ್ಲಿ ಕೂತು ಪತ್ರಿಕೆ ತಿದ್ದಿದವರು. ಈ ತುದಿಯಲ್ಲಿ ಕೂತರೆ ಪಾಸು, ಆ ತುದಿಯಲ್ಲಿ ಕೂತರೆ ಫೇಲು ಎಂದು ಮಗಳು ಚಿಕ್ಕಂದಿನಲ್ಲಿ ತನ್ನ ಗೊಂಬೆಗಳಿಗೆ ಹೇಳಿಕೊಡುತ್ತಿದ್ದಳು.

ಈ ಸಲ ಇಬ್ಬರಿಗೂ ಸಾರ್ವಜನಿಕ ಪರೀಕ್ಷೆಯ ಮೌಲ್ಯಮಾಪನಕ್ಕೆ ಆದೇಶ ಬಂತು. ಒಂದೇ ಕೇಂದ್ರ. ಮೊದಲ ದಿನ, ತಿದ್ದುವ ಕೈಗಳೆಲ್ಲ ಒಂದೇ ಹದಕ್ಕೆ ಬರಲಿ ಎಂದು ಎಲ್ಲ ಪರೀಕ್ಷಕರನ್ನೂ ಸಭಾಂಗಣದಲ್ಲಿ ಕೂರಿಸಿ, ಒಂದೇ ಉತ್ತರ ಪತ್ರಿಕೆಯ ನಕಲನ್ನು ಹಂಚಿ, ಅಂಕ ಹಾಕಿ ಹೆಸರಿಲ್ಲದ ಚೀಟಿಯಲ್ಲಿ ಬರೆದುಕೊಡಲು ಹೇಳಿದರು. ಮುಖ್ಯ ಪರೀಕ್ಷಕರು ಚೀಟಿಗಳನ್ನು ಒಂದೊಂದಾಗಿ ಓದಿದರು. ಅವರಿಗೆ ಬೆನ್ನ ಹಿಂದೆ ಎಲ್ಲರೂ ತಕ್ಕಡಿ ಸಾಹೇಬರು ಎನ್ನುತ್ತಿದ್ದರು. ಆ ಕಡೆ ಈ ಕಡೆ ಒಂದು ಕಾಳಿನಷ್ಟು ವ್ಯತ್ಯಾಸ ಕಂಡರೂ ಅವರ ಹುಬ್ಬು ಮೇಲೇರುತ್ತಿತ್ತು.

ಹೃದಯದ ಕಾರ್ಯವೇನು ಎಂಬುದು ಒಂದು ಅಂಕದ ಪ್ರಶ್ನೆ. ಮಗು ಬರೆದಿತ್ತು: "ಹೃದಯವು ಹಗಲೂ ರಾತ್ರಿ ಕೆಲಸ ಮಾಡುತ್ತದೆ. ಅದಕ್ಕೆ ರಜೆ ಇಲ್ಲ. ಅದು ನಿಂತರೆ ಮನೆಯವರೆಲ್ಲ ಅಳುತ್ತಾರೆ." ಒಂದು ಕೊಟ್ಟವರು ಬಹಳ ಮಂದಿ. ಸೊನ್ನೆ ಕೊಟ್ಟವರು ಕೆಲವರೇ. ಸೊನ್ನೆಯ ಚೀಟಿ ಓದಿದಾಗಲೆಲ್ಲ ಬೆಣ್ಣೆ ಮೇಷ್ಟ್ರು ಕೂತಲ್ಲೇ ಮಿಸುಕಾಡುತ್ತಿದ್ದರು. ಕೊನೆಗೆ ತಡೆಯಲಾರದೆ ಎದ್ದು ನಿಂತು, "ಈ ಉತ್ತರಕ್ಕೆ ಸೊನ್ನೆ ಕೊಟ್ಟವರಿಗೆ ಹೃದಯದ ಕೆಲಸ ಏನು ಅಂತ ಗೊತ್ತಿರಬಹುದು ಸಾರ್. ಹೃದಯ ಮಾತ್ರ ಇಲ್ಲ" ಎಂದುಬಿಟ್ಟರು.

ಸಭಾಂಗಣ ನಕ್ಕಿತು, ಚಪ್ಪಾಳೆ ತಟ್ಟಿತು. ಜೀವಮಾನದಲ್ಲಿ ಮೊದಲ ಸಲ ಚಪ್ಪಾಳೆ ಗಿಟ್ಟಿಸಿದ ಬೆಣ್ಣೆ ಮೇಷ್ಟ್ರು ಹಿಗ್ಗಿ ಹಿಂದಕ್ಕೆ ತಿರುಗಿದರು. ಕೊನೆಯ ಸಾಲಿನಲ್ಲಿ ಒಬ್ಬರು ಮಾತ್ರ ನಗದೆ ಕೂತಿದ್ದರು. ಅವರ ಹೆಂಡತಿ. ಅದೇ ಹೊತ್ತಿಗೆ ತಕ್ಕಡಿ ಸಾಹೇಬರು ಕೀ ಆನ್ಸರ್ ಬಿಡಿಸಿ, "ರಕ್ತ ಅನ್ನೋ ಮಾತೇ ಇಲ್ಲ, ಪಂಪ್ ಮಾಡೋ ಮಾತೂ ಇಲ್ಲ. ಸೊನ್ನೆಯೇ ಸರಿ" ಎಂದು ತೀರ್ಪು ಕೊಟ್ಟರು. ಹೀಗೆ ಮೇಷ್ಟ್ರು ಒಂದೇ ನಿಮಿಷದಲ್ಲಿ ಸಭೆಯಲ್ಲೂ ಸೋತರು, ಸಂಸಾರದಲ್ಲೂ ಸೋತರು.

ಜಗಳವಾಡಿದ್ದರೆ ಚೆನ್ನಾಗಿತ್ತು. ಆಕೆ ಜಗಳವಾಡಲಿಲ್ಲ. ಮನೆಯ ಸಾಮಾನುಗಳ ಜೊತೆ ಮಾತಾಡತೊಡಗಿದರು. "ಹಾಲು ಮುಗಿದಿದೆ ಅಂತ ಕಣ್ಣಿದ್ದೋರಿಗೆ ಕಾಣಬೇಕು" ಎಂದು ಫ್ರಿಜ್ಜಿಗೆ ಹೇಳಿದರು. "ಕೊಡೆ ತಗೊಂಡು ಹೋಗೋರು ತಗೊಂಡು ಹೋಗಬಹುದು" ಎಂದು ಬಾಗಿಲಿಗೆ ಹೇಳಿದರು. ಮೇಷ್ಟ್ರು ಒಮ್ಮೆ ಧೈರ್ಯ ಮಾಡಿ, "ಆ ಚೀಟಿ ನಿಂದು ಅಂತ ಗೊತ್ತಿರಲಿಲ್ಲ ಕಣೇ" ಎಂದರು. ಆಕೆ ಫ್ರಿಜ್ಜಿನ ಕಡೆ ತಿರುಗಿ, "ಗೊತ್ತಿಲ್ಲದೋರಿಗೆ ಆದ್ರೆ ಹೃದಯ ಇಲ್ಲ ಅನ್ನಬಹುದಂತೆ" ಎಂದರು. ಕ್ಷಮೆ ಕೇಳಲು ಹೋಗಿ ಗಾಯಕ್ಕೆ ಉಪ್ಪು ಸವರಿದಂತಾಯಿತು.

ಈಗ ಮೇಷ್ಟ್ರ ಆಸೆಯೆಲ್ಲ ಭಾನುವಾರದ ಮೇಲೆ ನಿಂತಿತ್ತು. ಭಾನುವಾರ ಮೊಮ್ಮಗನ ಮೊದಲ ಹುಟ್ಟುಹಬ್ಬ. ಮಗಳ ಊರಿಗೆ ಬೆಳಗಿನ ರೈಲಿಗೆ ಇಬ್ಬರಿಗೂ ಟಿಕೆಟ್ ಆಗಿತ್ತು. ಅರ್ಧ ದಿನದ ಪ್ರಯಾಣ, ಎದುರುಬದುರು ಸೀಟು. ಮನೆಯಲ್ಲಾದರೆ ಮಾತು ಶುರುಮಾಡುತ್ತಲೇ ಆಕೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ರೈಲಿನಲ್ಲಿ ಅಡುಗೆಮನೆ ಇಲ್ಲ, ಫ್ರಿಜ್ಜೂ ಇಲ್ಲ. ಅಲ್ಲಿ ಕೂತು ಸಮಾಧಾನವಾಗಿ ತಪ್ಪೊಪ್ಪಿಕೊಳ್ಳಬೇಕೆಂದು ಮೇಷ್ಟ್ರು ದಿನಾ ಕನ್ನಡಿಯ ಮುಂದೆ ನಿಂತು ಮಾತುಗಳನ್ನು ಜೋಡಿಸಿಕೊಂಡಿದ್ದರು.

ಶನಿವಾರ ಬೆಳಿಗ್ಗೆ ಕೇಂದ್ರಕ್ಕೆ ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ತಕ್ಕಡಿ ಸಾಹೇಬರು ಎದುರಿಗೆ ಬಂದು ನಿಂತರು.

"ಏನು ಮೇಷ್ಟ್ರೇ, ನಿಮಗೂ ನಿಮ್ಮ ಜೋಡಿಗೂ ಒಂದು ದಿನವೂ ತಾಳೆ ಆಗ್ತಿಲ್ವಲ್ಲ."

ಮನೆಯ ವಿಷಯ ಇವರವರೆಗೂ ಬಂತೇ ಎಂದು ಮೇಷ್ಟ್ರು ಗಾಬರಿಗೊಂಡರು. ಸಾಹೇಬರು ಹೇಳಿದ್ದು ಪತ್ರಿಕೆಯ ಜೋಡಿಯ ವಿಷಯ. ಈ ಕೇಂದ್ರದಲ್ಲಿ ಒಂದೇ ಪತ್ರಿಕೆಯನ್ನು ಇಬ್ಬರು ತಿದ್ದಬೇಕು. ಮೇಷ್ಟ್ರು ಕೂತಿದ್ದ ಕೆಳಗಿನ ಕೋಣೆಯವರು ಮೊದಲು, ಮಹಡಿಯ ಮೇಲಿನವರು ಆಮೇಲೆ. ಪತ್ರಿಕೆಯ ಮೇಲೆ ಗೀಟು ಕೂಡ ಹಾಕುವಂತಿಲ್ಲ, ಅಂಕಗಳೆಲ್ಲ ಬೇರೆ ಹಾಳೆಯಲ್ಲಿ. ಯಾರಿಗೆ ಯಾರು ಜೋಡಿ ಎಂಬುದನ್ನು ನಂಬರಿನ ಚೀಟಿ ಎತ್ತಿ ಗೊತ್ತುಮಾಡಿದ್ದರು. ಒಬ್ಬರಿಗೊಬ್ಬರು ಯಾರೆಂದು ತಿಳಿಯದು. ಇಬ್ಬರ ಅಂಕ ಹೆಚ್ಚುಕಡಿಮೆ ಒಂದಾದರೆ ಪತ್ರಿಕೆ ಮುಂದಕ್ಕೆ ಹೋಗುತ್ತಿತ್ತು. ಆಗದಿದ್ದರೆ ಸಾಹೇಬರ ಮೇಜಿಗೆ ಬರುತ್ತಿತ್ತು.

"ಅಂಕದಲ್ಲಿ ಯಾವಾಗಲೂ ನೀವು ಮೇಲೆ, ನಿಮ್ಮ ಜೋಡಿ ಕೆಳಗೆ. ಮೊದಲ ದಿನದಿಂದ ಇದೇ ಕತೆ. ನನ್ನ ಮೇಜು ನಿಮ್ಮಿಬ್ಬರ ಪತ್ರಿಕೆಯಿಂದಲೇ ತುಂಬಿದೆ," ಎಂದರು ಸಾಹೇಬರು. "ಇವತ್ತು ಕೊನೆ ಬಂಡಲ್. ಇದೂ ಹೀಗೇ ಬಂತೋ, ನಾಳೆ ಭಾನುವಾರ ಇಬ್ಬರೂ ಇಲ್ಲಿ ಬಂದು ಎದುರುಬದುರು ಕೂತು ಒಂದೊಂದು ಪತ್ರಿಕೆಗೂ ಒಪ್ಪಂದ ಮಾಡ್ಕೋಬೇಕು."

"ನಾಳೆ ನಮ್ಮ ಮೊಮ್ಮಗನ ಹುಟ್ಟಿದ ಹಬ್ಬ ಸಾರ್. ರೈಲು ಇದೆ."

"ಹಾಗಾದ್ರೆ ತಾಳೆ ಮಾಡಿ. ಮಗು ಯಾವ ಪರೀಕ್ಷಕರ ಕೈಗೆ ಸಿಕ್ಕಿತು ಅನ್ನೋದರ ಮೇಲೆ ಅದರ ಹಣೆಬರಹ ನಿಲ್ಲಬಾರದು ಮೇಷ್ಟ್ರೇ. ಅಷ್ಟೇ ನಾನು ಕೇಳೋದು."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಮೇಷ್ಟ್ರಿಗೆ ಹೆಚ್ಚು ನೋವಾದದ್ದು. ಸಾಹೇಬರು ಹೋದ ಮೇಲೆ ಪಕ್ಕದ ಮೇಜಿನವರು ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಬಂದರು. ಯಾರೂ ಕೇಳದಿದ್ದರೂ ಸಲಹೆ ಕೊಡುವುದರಲ್ಲಿ ಎತ್ತಿದ ಕೈ ಆದ್ದರಿಂದ ಅವರಿಗೆ ಸಲಹೆ ಮೇಷ್ಟ್ರು ಎಂದೇ ಹೆಸರು.

"ಎಲ್ಲಾ ಕೇಳಿಸ್ತು," ಎಂದರು ಅವರು. "ನಿಮ್ಮ ಜೋಡಿ ಯಾರೋ ಕಲ್ಲು. ಕಲ್ಲು ಕರಗಲ್ಲ. ನೀವೇ ಗಟ್ಟಿಯಾಗಬೇಕು."

"ನನ್ನ ಕೈಲಿ ಆಗಲ್ಲ ಮಾರಾಯರೇ. ಮಗು ಬರೆದಿದ್ದು ನೋಡಿದ್ರೆ ಕೈ ತಾನಾಗೇ ಹಾಕುತ್ತೆ."

"ಅದಕ್ಕೊಂದು ಉಪಾಯ ಇದೆ. ನಿಮಗೆ ಗೊತ್ತಿರೋರಲ್ಲಿ ತುಂಬಾ ಬಿಗಿ ಯಾರು? ಅವರನ್ನ ಮನಸ್ಸಲ್ಲಿ ಕೂರಿಸ್ಕೊಳ್ಳಿ. ಅವರೇ ತಿದ್ದೋ ಹಾಗೆ ತಿದ್ದಿ. ನಿಮ್ಮದು ಬರೀ ಕೈ."

ಬೆಣ್ಣೆ ಮೇಷ್ಟ್ರು ಹುಡುಕಬೇಕಾಗಿರಲಿಲ್ಲ. ಸಲಹೆ ಮೇಷ್ಟ್ರ ಮಾತು ಮುಗಿಯುವ ಮೊದಲೇ ಹೆಂಡತಿ ಅವರ ತಲೆಯೊಳಗೆ ಬಂದು, ಕನ್ನಡಕ ಒರೆಸಿ ಹಾಕಿಕೊಂಡು, ಕೂತಾಗಿತ್ತು.

ಮೊದಲ ಪತ್ರಿಕೆ. ಒಬ್ಬಳು ಹುಡುಗಿ ವಿದ್ಯುತ್ ಮಂಡಲದ ಚಿತ್ರ ಬರೆದು, ಬಲ್ಬಿಗೆ ಕಣ್ಣು ಬಾಯಿ ಇಟ್ಟು ನಗಿಸಿದ್ದಳು. ಮೇಷ್ಟ್ರಿಗೂ ನಗು ಬಂತು. ಮೂರಕ್ಕೆ ಮೂರು ಎಂದು ಹಾಳೆಯಲ್ಲಿ ಬರೆದೂ ಆಯಿತು. ಆಗ ತಲೆಯೊಳಗಿಂದ ಹೆಂಡತಿ, "ಬಲ್ಬು ನಗ್ತಾ ಇದೆ, ಸಂತೋಷ. ಸ್ವಿಚ್ ಎಲ್ಲಿ?" ಎಂದು ಕೇಳಿದರು. ಸ್ವಿಚ್ ಇರಲಿಲ್ಲ. ಮೂರನ್ನು ಹೊಡೆದು ಎರಡು ಮಾಡಿದರು. ಹಾಳೆಯಲ್ಲಿ ಏನನ್ನು ಹೊಡೆದು ಬರೆದರೂ ಮುಖ್ಯ ಪರೀಕ್ಷಕರ ಸಹಿ ಬೇಕು. ಹಾಳೆ ಹಿಡಿದು ಸಾಹೇಬರ ಕೋಣೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದರು.

ಎರಡನೆಯದರಲ್ಲಿ ಸಸ್ಯಗಳು ಆಹಾರ ತಯಾರಿಸುವ ಬಗೆ. "ಎಲೆಯು ಸಸ್ಯದ ಅಡುಗೆಮನೆ. ಸೂರ್ಯ ಒಲೆ. ಪಾತ್ರೆ ತೊಳೆಯುವ ಕೆಲಸ ಇಲ್ಲದಿರುವುದರಿಂದ ಸಸ್ಯಗಳು ಹಸಿರಾಗಿರುತ್ತವೆ." ಎಂಥ ಮಗು, ಎಂದುಕೊಂಡು ಮೇಷ್ಟ್ರು ಎರಡು ಹಾಕಿದರು. "ಪತ್ರಹರಿತ್ತು ಎಲ್ಲಿ? ನೀರು ಎಲ್ಲಿ? ಗಾಳಿ ಎಲ್ಲಿ?" ಎಂದರು ಹೆಂಡತಿ. ಎರಡು ಹೋಗಿ ಅರ್ಧವಾಯಿತು. ಮತ್ತೆ ಸಹಿ. ಹೀಗೆ ಒಳಗಿನ ಬೆಣ್ಣೆ ಹಾಕುವುದು, ಒಳಗಿನ ಸೂಜಿ ಹೊಡೆಯುವುದು, ಹೊರಗಿನ ಮೇಷ್ಟ್ರು ಸಹಿಗೆ ಓಡುವುದು ನಡೆದೇ ಇತ್ತು. ಸಾಹೇಬರು ಮೊದಲು ಸುಮ್ಮನೆ ಸಹಿ ಹಾಕಿದರು, ಆಮೇಲೆ ಮುಖ ನೋಡಿ ಹಾಕಿದರು, ಕೊನೆಗೆ ಮುಖ ನೋಡುವುದನ್ನೇ ಬಿಟ್ಟು ಕೈ ಚಾಚಿ ಹಾಕತೊಡಗಿದರು.

"ಮೇಷ್ಟ್ರೇ, ನೀವು ಮೊದಲೇ ಯೋಚನೆ ಮಾಡಿ ಬರೀಬಾರದಾ?"

"ಯೋಚನೆ ಮಾಡೋರು ಒಳಗಿದ್ದಾರೆ ಸಾರ್. ಸ್ವಲ್ಪ ನಿಧಾನವಾಗಿ ಹೇಳ್ತಾರೆ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿ, ಇವರನ್ನು ಬಹಳ ಹೊತ್ತು ನೋಡಿ, ಮತ್ತೆ ತೆಗೆದರು.

ಅಷ್ಟರಲ್ಲಿ ಮೇಷ್ಟ್ರ ಕಣ್ಣು ಒದ್ದೆಯಾದದ್ದನ್ನು ಸಲಹೆ ಮೇಷ್ಟ್ರು ಕಂಡುಹಿಡಿದರು. ಜ್ವರವೇ ಇರಬೇಕೆಂದು ತೀರ್ಮಾನಿಸಿ ಹಣೆ ಮುಟ್ಟಿದರು, ಬೇಡವೆಂದರೂ ಎರಡು ಮಾತ್ರೆ ನುಂಗಿಸಿದರು, ಅದರಲ್ಲಿ ಒಂದು ಹೊಟ್ಟೆ ನೋವಿನದು ಎಂದು ಆಮೇಲೆ ನೆನಪು ಮಾಡಿಕೊಂಡರು. ಮೇಷ್ಟ್ರ ಕಣ್ಣು ಒದ್ದೆಯಾದದ್ದು ಬೇರೆ ಕಾರಣಕ್ಕೆ. ಹೆಂಡತಿಯ ಕಣ್ಣಿನಿಂದ ಓದುತ್ತ ಓದುತ್ತ ಅವರಿಗೆ ಹಳೆಯದೊಂದು ಮಾತು ನೆನಪಾಗಿತ್ತು. ಊಟದ ಮೇಜಿನ ಆ ತುದಿಯಿಂದ ಆಕೆ ಒಮ್ಮೆ ಹೇಳಿದ್ದರು: "ನೀವು ಅರ್ಧ ಕೊಟ್ಟು ಮರೆತುಬಿಡ್ತೀರ. ನಾನು ಸೊನ್ನೆ ಕೊಟ್ಟ ಮಗುನ ಮಾರನೇ ದಿನ ಮುಂದಿನ ಬೆಂಚಲ್ಲಿ ಕೂರಿಸ್ಕೋತೀನಿ." ಅದು ನಿಜ. ಶಾಲೆ ಬಿಟ್ಟ ಮೇಲೂ ಒಂದಿಬ್ಬರು ಮಕ್ಕಳನ್ನು ಉಳಿಸಿಕೊಂಡು ಹೇಳಿಕೊಟ್ಟು, ಕತ್ತಲಾಗುವ ಹೊತ್ತಿಗೆ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದವರು ಆಕೆ. ಅಂಥವರಿಗೆ ಹೃದಯವಿಲ್ಲ ಎಂದು ತುಂಬಿದ ಸಭೆಯಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿಕೊಂಡೆನಲ್ಲ ಎಂದು ಮೇಷ್ಟ್ರಿಗೆ ನಾಚಿಕೆಯಾಯಿತು. ಬರಿಯ ನಾಚಿಕೆಯಲ್ಲ, ಆಕೆಯನ್ನು ಈಗಲೇ ನೋಡಬೇಕೆನಿಸಿತು.

ಮಧ್ಯಾಹ್ನ ಊಟದ ಡಬ್ಬಿ ತೆಗೆದರೆ ಮೇಲಿನ ಪುಟ್ಟ ಬಟ್ಟಲಲ್ಲಿ ಕಿತ್ತಳೆ ಹಣ್ಣು. ಸುಲಿದಿತ್ತು. ಇದು ಸಣ್ಣ ವಿಷಯವಲ್ಲ. ಮೇಷ್ಟ್ರಿಗೆ ಹಣ್ಣು ಸುಲಿಯಲು ಬಾರದು, ಸುಲಿಯಲು ಹೋದರೆ ರಸವೆಲ್ಲ ಅಂಗಿಯ ಪಾಲು. ಆದ್ದರಿಂದ ಮದುವೆಯಾದಾಗಿನಿಂದ ಸುಲಿದೇ ಇಡುತ್ತಿದ್ದ ಆಕೆ, ಹೃದಯದ ಘಟನೆಯ ನಂತರ ಹಾಗೆಯೇ ಇಡಿಯಾಗಿ ಇಡುತ್ತಿದ್ದರು. ಇಂದು ಸುಲಿದಿದೆ. ನಾರೂ ತೆಗೆದಿದೆ. ಮೇಷ್ಟ್ರು ಒಂದು ತೊಳೆ ಬಾಯಿಗೆ ಹಾಕಿಕೊಂಡು, ಡಬ್ಬಿ ಅಲ್ಲೇ ಬಿಟ್ಟು ಮೆಟ್ಟಿಲ ಕಡೆ ನಡೆದರು.

ಮೆಟ್ಟಿಲ ಬುಡದಲ್ಲಿ ಬಂಡಲ್ ಹೊರುವ ಅಟೆಂಡರ್ ಅಕ್ಕ ಸ್ಟೂಲು ಹಾಕಿ ಕೂತಿದ್ದಳು.

"ಮೇಲೆ ಬಿಡಲ್ಲ ಸಾರ್. ಕೆಳಗಿನೋರು ಕೆಳಗೆ, ಮೇಲಿನೋರು ಮೇಲೆ."

"ನಮ್ಮ ಮನೆಯವರನ್ನ ಒಂದು ನಿಮಿಷ ನೋಡ್ಬೇಕಿತ್ತಕ್ಕ."

"ಮನೇಲಿ ನೋಡಿ."

"ಮನೇಲಿ ಮುಖ ಕೊಡ್ತಿಲ್ಲ."

ಅಟೆಂಡರ್ ಅಕ್ಕನಿಗೆ ಕನಿಕರ ಬಂದಂತೆ ಕಂಡಿತು. ಮೇಷ್ಟ್ರು ಅದೇ ಸಮಯವೆಂದು, "ಹೋಗ್ಲಿ, ಮೇಲೆ ಹೋದಾಗ ನಮ್ಮ ಮೇಡಂಗೆ ಇಷ್ಟು ಹೇಳಿ. ಹಣ್ಣು ಚೆನ್ನಾಗಿತ್ತು ಅಂತ" ಎಂದರು.

ಅಕ್ಕನ ಕನಿಕರ ಕೂಡಲೇ ಅನುಮಾನವಾಯಿತು. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಒಂದು ಮಾತೂ ದಾಟಬಾರದೆಂದು ಆಕೆಗೆ ಸಾಹೇಬರೇ ಹೇಳಿ ಕೂರಿಸಿದ್ದರು. ಮೇಷ್ಟ್ರು ಕೋಣೆಗೆ ಹಿಂತಿರುಗಿ ಹಣ್ಣಿನ ಇನ್ನೊಂದು ತೊಳೆ ಬಾಯಿಗಿಡುವಷ್ಟರಲ್ಲಿ ಸಾಹೇಬರು ಬಂದರು, ಹಿಂದೆ ಅಕ್ಕ.

"ಹಣ್ಣು ಅಂದ್ರೆ ಎಷ್ಟು ಅಂಕ?" ಎಂದು ಕೇಳಿದರು ಸಾಹೇಬರು.

"ಸಾರ್?"

"ಮೇಲಕ್ಕೆ ಹೇಳಿ ಕಳಿಸಿದ್ರಂತಲ್ಲ. ಹಣ್ಣು ಅಂದ್ರೆ ಏನು ಲೆಕ್ಕ? ಪಾಸಾ, ಫೇಲಾ?"

"ಹಣ್ಣು ಅಂದ್ರೆ ಹಣ್ಣೇ ಸಾರ್. ಕಿತ್ತಳೆ." ಬಾಯಲ್ಲಿದ್ದ ತೊಳೆಯನ್ನು ನುಂಗಬೇಕೋ ಸಾಕ್ಷಿಗೆ ಉಳಿಸಬೇಕೋ ತಿಳಿಯದೆ ಮೇಷ್ಟ್ರು ಬಟ್ಟಲನ್ನು ಮುಂದೆ ಚಾಚಿದರು. "ಮನೆಯವರು ಸುಲಿದಿಟ್ಟಿದ್ರು. ತುಂಬಾ ದಿನ ಆಗಿತ್ತು ಸುಲಿದು."

ಸಲಹೆ ಮೇಷ್ಟ್ರು ನಡುವೆ ಬಾಯಿ ಹಾಕಿ, ಇವರಿಗೆ ಬೆಳಿಗ್ಗೆಯಿಂದ ಜ್ವರವಿದೆ, ಮಾತಿಗೆ ಅರ್ಥ ಹುಡುಕಬೇಡಿ ಎಂದರು. ಸಾಹೇಬರು ಕಿತ್ತಳೆಯನ್ನು ನೋಡಿದರು, ಮೇಷ್ಟ್ರ ಮುಖವನ್ನೂ ನೋಡಿದರು. "ಮಾತು ಮೇಲಕ್ಕೆ ಹೋಗೋ ಹಾಗಿಲ್ಲ. ಹಣ್ಣಿನ ಮಾತಾದ್ರೂ ಸರಿ" ಎಂದು ಹೇಳಿ ಹೊರಟುಹೋದರು. ಹೀಗೆ ಆ ಸಂದೇಶ ಮೆಟ್ಟಿಲ ಬುಡದಲ್ಲೇ ಉಳಿಯಿತು.

ಮಧ್ಯಾಹ್ನದ ಮೇಲೆ ಮೇಷ್ಟ್ರ ಕೈಗೆ ಹದ ಸಿಕ್ಕಿತು. ಈಗ ಹೊಡೆದು ಬರೆಯುವುದೇ ಇಲ್ಲ. ಮೊದಲು ಒಳಗಿನವರನ್ನು ಕೇಳುವುದು, ಆಮೇಲೆ ಬರೆಯುವುದು. ಆಕೆ ಎಲ್ಲಿ ಕನ್ನಡಕ ಸರಿಮಾಡಿಕೊಳ್ಳುತ್ತಾರೆ, ಎಲ್ಲಿ ತುಟಿ ಬಿಗಿಯುತ್ತಾರೆ, ಎಲ್ಲಿ ಅಪರೂಪಕ್ಕೆ ಹೂಂ ಎನ್ನುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠವಿದ್ದಂತೆ ಬರುತ್ತಿತ್ತು. ಇಷ್ಟು ವರ್ಷ ಆ ತುದಿಯ ಕಡೆ ನೋಡಿಯೇ ಇಲ್ಲ ಎಂದುಕೊಂಡಿದ್ದೆ, ಇಷ್ಟೆಲ್ಲ ಯಾವಾಗ ನೋಡಿದೆ ಎಂದು ಅವರಿಗೇ ಆಶ್ಚರ್ಯವಾಯಿತು. ಆ ಕಲ್ಲು ಜೋಡಿ ಯಾರೇ ಆಗಲಿ, ಇವತ್ತು ತಾಳೆ ಬಂದೇ ಬರುತ್ತದೆ ಎಂಬ ಭರವಸೆ ಹುಟ್ಟಿತು.

ಕೊನೆಯ ಪತ್ರಿಕೆಯಲ್ಲಿ ಮತ್ತೆ ಹೃದಯ ಎದುರಾಯಿತು. ಈ ಮಗು ಬರೆದಿತ್ತು: "ಹೃದಯವು ಒಳಗೇ ಇದ್ದು ನಮ್ಮನ್ನು ನೋಡಿಕೊಳ್ಳುತ್ತದೆ. ಅದು ಎಷ್ಟು ಕೆಲಸ ಮಾಡಿದರೂ ಹೊರಗಿನವರಿಗೆ ಕಾಣುವುದಿಲ್ಲ."

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಮಗು ತಮ್ಮ ಹೆಂಡತಿಯನ್ನು ನೋಡಿಯೇ ಬರೆದಂತಿತ್ತು. ಇದಕ್ಕೆ ಒಂದಲ್ಲ, ಕೀ ಆನ್ಸರ್ ಬಿಟ್ಟಿದ್ದರೆ ಹತ್ತು ಕೊಡುತ್ತಿದ್ದರು. ಆದರೆ ಒಳಗೆ ಕೂತವರು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ರಕ್ತ ಇಲ್ಲ. ಪಂಪ್ ಇಲ್ಲ. ನಾಳಿನ ರೈಲು, ಎದುರು ಸೀಟು, ಹೇಳಬೇಕಾದ ಮಾತು ಎಲ್ಲವೂ ನೆನಪಾಯಿತು. ನಿನಗೋಸ್ಕರ ಕಣೇ ಎಂದು ಮನಸ್ಸಿನಲ್ಲೇ ಹೇಳಿ, ಕಣ್ಣು ಮುಚ್ಚಿಕೊಂಡು ಸೊನ್ನೆ ಬರೆದರು. ಆ ಸೊನ್ನೆ ಸ್ವಲ್ಪ ಸೊಟ್ಟಗೆ ಬಂತು.

ಸಂಜೆ ಸಾಹೇಬರ ಕೋಣೆಯಿಂದ ಕರೆ ಬಂದಾಗ ಮೇಷ್ಟ್ರು ಕೂದಲು ಸರಿಮಾಡಿಕೊಂಡು ಹೋದರು. ಬೆನ್ನು ತಟ್ಟಿಸಿಕೊಳ್ಳಲು ಸಿದ್ಧವಾಗಿಯೇ ಹೋದರು. ಸಲಹೆ ಮೇಷ್ಟ್ರು ತಮ್ಮ ಉಪಾಯದ ಫಲ ನೋಡಲು ಬಾಗಿಲವರೆಗೂ ಬಂದು ಅಲ್ಲೇ ನಿಂತರು.

ಸಾಹೇಬರ ಮುಂದೆ ಎರಡು ಅಂಕದ ಹಾಳೆಗಳಿದ್ದವು. "ಮೇಷ್ಟ್ರೇ, ನಾನು ಎಷ್ಟೋ ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ," ಎಂದರು. "ಇಂಥದ್ದು ನೋಡಿಲ್ಲ. ನಿನ್ನೆವರೆಗೆ ಅಂಕದಲ್ಲಿ ನೀವು ಮೇಲೆ, ನಿಮ್ಮ ಜೋಡಿ ಕೆಳಗೆ. ಇವತ್ತು ನೀವು ಕೆಳಗೆ, ನಿಮ್ಮ ಜೋಡಿ ಮೇಲೆ. ಅಂತರ ಮಾತ್ರ ಹಾಗೇ ಇದೆ, ಅಳತೆ ತಗೊಂಡು ಹೊಲಿದ ಹಾಗೆ. ನೀವಿಬ್ಬರೂ ಸೇರಿ ನನ್ನ ತಮಾಷೆ ಮಾಡ್ತಿದ್ದೀರಾ?"

ಮೇಷ್ಟ್ರು ಇಂಗು ತಿಂದ ಮಂಗನ ಹಾಗೆ ನಿಂತರು. ಅಷ್ಟರಲ್ಲಿ ಅಟೆಂಡರ್ ಅಕ್ಕ, ಮಹಡಿಯ ಮೇಲಿಂದ ಕರೆಸಿದ ಆ ಜೋಡಿಯನ್ನು ಒಳಗೆ ಬಿಟ್ಟಳು. ಕನ್ನಡಕವನ್ನು ಸೆರಗಿನ ತುದಿಯಿಂದ ಒರೆಸಿಕೊಳ್ಳುತ್ತ ಒಳಗೆ ಬಂದವರು ಸೂಜಿ ಮೇಡಂ.

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಆ ಕಲ್ಲು ಜೋಡಿ ಯಾರು, ಆ ಮೆತ್ತನೆಯ ಜೋಡಿ ಯಾರು ಎಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

"ಮೇಡಂ," ಎಂದರು ಸಾಹೇಬರು, ಏನೂ ತಿಳಿಯದೆ. "ಬೆಳಿಗ್ಗೆ ಸ್ವಲ್ಪ ಕೈ ಸಡಿಲ ಬಿಡಿ ಅಂತ ನಿಮಗೆ ನಾನೇ ಹೇಳಿದ್ದು, ಒಪ್ತೀನಿ. ಹೀಗಾ ಬಿಡೋದು? ಸ್ವಿಚ್ಚೇ ಇಲ್ಲದ ಚಿತ್ರಕ್ಕೆ ಮೂರಕ್ಕೆ ಮೂರು ಕೊಟ್ಟಿದ್ದೀರ."

"ಬಲ್ಬು ನಗ್ತಾ ಇತ್ತು ಸಾರ್," ಎಂದರು ಆಕೆ ಮೆಲ್ಲಗೆ.

"ನಗೋ ಬಲ್ಬಿಗೆ ಅಂಕ ಅಂತ ಕೀ ಆನ್ಸರಲ್ಲಿ ಎಲ್ಲಿದೆ?"

"ಇಲ್ಲ ಸಾರ್. ನನಗೆ ಗೊತ್ತಿರೋರಲ್ಲಿ ತುಂಬಾ ಮೆತ್ತಗಿನ ಮನುಷ್ಯರು ಒಬ್ಬರಿದ್ದಾರೆ. ಅವರು ಎಷ್ಟು ಹಾಕ್ತಿದ್ರೋ ಅಷ್ಟೇ ಹಾಕಿದೆ. ನಾಳೆ ರೈಲು ತಪ್ಪಬಾರದಿತ್ತು." ಆಕೆ ಕನ್ನಡಕವನ್ನು ಮತ್ತೊಮ್ಮೆ ಒರೆಸಿಕೊಂಡರು. "ರೈಲಲ್ಲಿ ಅವರು ಏನೋ ಹೇಳಬೇಕು ಅಂತಿದ್ರು. ದಿನಾ ಕನ್ನಡಿ ಮುಂದೆ ನಿಂತು ಗುನುಗ್ತಾ ಇದ್ರು. ಕೇಳೋಣ ಅಂತ ಆಸೆ ಇತ್ತು."

"ನಾನು ನಿನ್ನ ಹಾಗೆ ಹಾಕಿದೆ ಕಣೇ," ಎಂದರು ಮೇಷ್ಟ್ರು. "ಒಂದೊಂದಕ್ಕೂ ನಿನ್ನೇ ಕೇಳಿ ಹಾಕಿದೆ."

ಸಾಹೇಬರು ಒಬ್ಬರನ್ನು ಬಿಟ್ಟು ಒಬ್ಬರನ್ನು ನೋಡಿದರು. "ಹಣ್ಣಿನ ಮನೆಯವರು ಇವರೇನಾ?" ಎಂದು ಕೇಳಿದರು. ಬಾಗಿಲಲ್ಲಿದ್ದ ಸಲಹೆ ಮೇಷ್ಟ್ರು, ಇದರಲ್ಲಿ ತಮ್ಮ ಕೈವಾಡವೇನೂ ಇಲ್ಲ ಎಂಬಂತೆ ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

"ಸಾರ್, ಆ ಹೃದಯದ ಪ್ರಶ್ನೆ," ಎಂದರು ಮೇಡಂ ತಟ್ಟನೆ. "ಕೊನೇ ಪತ್ರಿಕೆ. ನಾನು ಒಂದು ಕೊಟ್ಟಿದ್ದೀನಿ. ಅದಕ್ಕೆ ಕೆಳಗಿನವರು ಎಷ್ಟು ಕೊಟ್ಟಿದ್ದಾರೆ?"

ಸಾಹೇಬರು ಹಾಳೆ ನೋಡಿದರು. "ಸೊನ್ನೆ. ಸ್ವಲ್ಪ ಸೊಟ್ಟಗಿದೆ, ಆದರೆ ಸೊನ್ನೆಯೇ."

ಮೇಡಂ ಕನ್ನಡಕ ಹಾಕಿಕೊಂಡು ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಸೊನ್ನೆ ಕೊಟ್ಟವರಿಗೆ ಹೃದಯ ಇಲ್ಲ ಅಂತ ಮೊದಲನೇ ದಿನ ಸಭೇಲಿ ಯಾರೋ ಹೇಳಿದ್ರಲ್ಲ ಸಾರ್," ಎಂದರು. "ಚಪ್ಪಾಳೆ ಕೂಡ ಬಿದ್ದಿತ್ತು."

ಸಲಹೆ ಮೇಷ್ಟ್ರು ಮೊದಲು ನಕ್ಕರು. ಅಟೆಂಡರ್ ಅಕ್ಕನೂ ನಕ್ಕಳು. ಸಾಹೇಬರ ಮೀಸೆಯ ಕೆಳಗೂ ಏನೋ ಅಲುಗಾಡಿತು. ಬೆಣ್ಣೆ ಮೇಷ್ಟ್ರು ಮಾತ್ರ ನೆಲ ನೋಡುತ್ತ ನಿಂತರು. ಹೆಂಡತಿ ನೇರವಾಗಿ ತಮ್ಮ ಬಗ್ಗೆ, ಫ್ರಿಜ್ಜಿಗಲ್ಲದೆ ಮನುಷ್ಯರಿಗೆ, ಇಷ್ಟು ಉದ್ದ ಮಾತಾಡಿದರಲ್ಲ ಎಂಬುದೇ ಅವರಿಗೆ ಆ ಹೊತ್ತಿನ ಸಂತೋಷವಾಗಿತ್ತು. ಆದರೆ ನಿಯಮ ನಿಯಮವೇ. ನಾಳೆ ಬೆಳಿಗ್ಗೆ ಇಬ್ಬರೂ ಬಂದು ಎದುರುಬದುರು ಕೂರಬೇಕು, ತಾಳೆಯಾಗದೆ ಏಳುವಂತಿಲ್ಲ ಎಂದು ಸಾಹೇಬರು ಹೇಳಿಬಿಟ್ಟರು.

ರೈಲು ಹೋಯಿತು. ಮಗಳು ಫೋನಿನಲ್ಲಿ ಎಲ್ಲ ಕೇಳಿ, "ಅಪ್ಪ, ಅಮ್ಮ, ನಿಮ್ಮಿಬ್ಬರನ್ನ ಒಂದೇ ಮೇಜಲ್ಲಿ ಕೂರಿಸಿದ ಆ ಪುಣ್ಯಾತ್ಮ ಯಾರು" ಎಂದು ನಕ್ಕು, ಮಗುವಿನ ಬಾಯಿಯನ್ನು ಫೋನಿಗೆ ಹಿಡಿದಳು. ಮಗು ಏನೋ ಅಂದಿತು. ಅಜ್ಜ ಅಂದಿತು ಎಂದು ಮೇಷ್ಟ್ರು, ಅಜ್ಜಿ ಅಂದಿತು ಎಂದು ಮೇಡಂ. ಅದನ್ನು ತಾಳೆ ನೋಡಲು ಮೂರನೆಯವರಿರಲಿಲ್ಲ.

ಭಾನುವಾರ ಖಾಲಿ ಶಾಲೆಯ ಒಂದು ಕೋಣೆಯಲ್ಲಿ ಇಬ್ಬರೂ ಮೇಜಿನ ಎರಡು ಕಡೆ ಕೂತರು. ರೈಲಿನಲ್ಲಿ ಹೇಳಬೇಕೆಂದಿದ್ದ ಮಾತನ್ನು ಮೇಷ್ಟ್ರು ಅಲ್ಲೇ ಹೇಳಿದರು. ಕನ್ನಡಿಯ ಮುಂದೆ ಜೋಡಿಸಿಕೊಂಡದ್ದು ಯಾವುದೂ ನೆನಪಿಗೆ ಬರಲಿಲ್ಲ. "ತಪ್ಪಾಯ್ತು ಕಣೇ. ನಿನ್ನ ಹೃದಯ ನನಗೆ ಗೊತ್ತಿಲ್ವಾ" ಎಂದಷ್ಟೇ ಹೇಳಿದರು. ಮೇಡಂ ಬೇರೆ ಕಡೆ ನೋಡುತ್ತ, "ಹೂಂ" ಎಂದರು. ಅಲ್ಲಿಗೆ ಎಲ್ಲವೂ ಸರಿಹೋಯಿತು, ಇನ್ನು ಪತ್ರಿಕೆಗಳದ್ದೇನು ಮಹಾ ಎಂದು ಮೇಷ್ಟ್ರು ಹುಮ್ಮಸ್ಸಿನಿಂದ ಮೊದಲನೆಯದನ್ನು ಬಿಡಿಸಿದರು.

"ಬಲ್ಬು. ನೀನು ಕೊಟ್ಟ ಮೂರೇ ಇರಲಿ," ಎಂದರು ಉದಾರವಾಗಿ.

"ಬೇಡ ರೀ. ಯೋಚನೆ ಮಾಡಿದೆ. ಸ್ವಿಚ್ ಇಲ್ಲ. ನೀವು ಕೊಟ್ಟ ಎರಡೇ ಸರಿ."

"ಅದು ನಾನು ಕೊಟ್ಟಿದ್ದಲ್ಲ, ನೀನು ಕೊಟ್ಟಿದ್ದು. ನಿನ್ನ ಮಾತಿಗೆ ಬೆಲೆ ಕೊಟ್ಟು ಮೂರು ಅಂತಿದ್ದೀನಿ."

"ನನ್ನ ಮಾತಿಗೆ ಬೆಲೆ ಕೊಡೋದಾದ್ರೆ ಎರಡು ಅನ್ನಿ."

"ನಿನಗೋಸ್ಕರ ಸೋಲ್ತಿದ್ದೀನಲ್ಲೇ."

"ಸೋಲೋದು ನಾನು. ನೀವು ಸುಮ್ಮನಿರಿ."

ಹೃದಯದ ಪ್ರಶ್ನೆಗೆ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಸಾಹೇಬರು ಬಾಗಿಲಿನಿಂದ ಇಣುಕಿ, ತಾಳೆಯ ಹಾಳೆ ಬೆಳಗಿನಂತೆಯೇ ಖಾಲಿ ಇರುವುದನ್ನು ನೋಡಿ, ಸದ್ದಿಲ್ಲದೆ ಬಾಗಿಲು ಎಳೆದುಕೊಂಡರು. ಮುಂದಿನ ಭಾನುವಾರಕ್ಕೂ ಇದೇ ಕೋಣೆಯ ಕೀಲಿ ಬೇಕಾಗುತ್ತದೆ ಎಂದು ಅವರು ಅಟೆಂಡರ್ ಅಕ್ಕನಿಗೆ ಹೇಳುವುದು ಒಳಗೆ ಕೇಳಿಸಿತು.

"ಒಬ್ಬರಿಗೆ ಒಂದು ಸಲವಾದ್ರೂ ನನ್ನನ್ನ ಸೋಲೋಕೆ ಬಿಡೋ ಬುದ್ಧಿ ಇಲ್ಲ," ಎಂದು ಮೇಡಂ ಗೋಡೆಯ ಕರಿಹಲಗೆಗೆ ಹೇಳಿದರು. ಫ್ರಿಜ್ಜಿನ ಜಾಗಕ್ಕೆ ಕರಿಹಲಗೆ ಬಂದಿತ್ತು, ಅಷ್ಟೇ.

ಆದರೆ ಹಾಗೆ ಹೇಳುತ್ತಲೇ ಆಕೆ ಚೀಲದಿಂದ ಕಿತ್ತಳೆ ತೆಗೆದು ಸುಲಿಯುತ್ತಿದ್ದರು. ನಾರು ಬಿಡಿಸಿ, ಬೀಜ ತೆಗೆದು, ಸರಿಯಾಗಿ ಅರ್ಧ ಮಾಡಿ, ಒಂದು ಪಾಲನ್ನು ಅಂಕದ ಹಾಳೆಯ ಮೇಲಿಟ್ಟು ಮೇಜಿನ ಈ ಕಡೆಗೆ ತಳ್ಳಿದರು. ಮೇಷ್ಟ್ರು ಒಂದು ತೊಳೆ ಬಾಯಿಗೆ ಹಾಕಿಕೊಂಡರು. ಆಮೇಲೆ ಅವರೂ ಕರಿಹಲಗೆಯ ಕಡೆ ತಿರುಗಿ, "ಹಣ್ಣು ಚೆನ್ನಾಗಿದೆ ಅಂತ ಎದುರಿಗೆ ಕೂತೋರಿಗೆ ಸ್ವಲ್ಪ ಹೇಳಿಬಿಡಪ್ಪ" ಎಂದರು.